ಹೊಲದ ಬದುವಿನಲ್ಲಿ ಹೂತ ತುಂಡು

ವನಜಾಕ್ಷಿ ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕಂಬಕ್ಕೊರಗಿ ಕೂತಿದ್ದ ಗಂಡ ಮುತ್ತುರಾಜ್ ಪಂಚೆಯ ಗಂಟು ಸಡಿಲಿಸಿ ಹೊಟ್ಟೆ ತಟ್ಟಿಕೊಂಡ.

"ನೋಡ್ಲೇ, ಇನ್ನೊಂದ್ ತಿಂಗ್ಳಿಗೆ ನೀನೇ ನಂಗೆ ಬಾಣಂತನ ಮಾಡ್ಬೇಕು."

"ಸುಮ್ಕಿರಿ, ಅಪಶಕುನ ಆಡ್ಬ್ಯಾಡಿ."

ಅವಳಿಗೆ ನಗು ಬರಲಿಲ್ಲ. ಅವನ ಕೈಕಾಲು ಕಡ್ಡಿಯಾಗಿ ಹೊಟ್ಟೆಯೊಂದೇ ಬೆಳೆಯುತ್ತಿತ್ತು.

ಹೋದ ವರ್ಷ ಹೊಟ್ಟೆನೋವಿಗೆ ಹೊರಳಾಡಿದಾಗ ಮಧುಗಿರಿಯಲ್ಲಿ ಅಪೆಂಡಿಕ್ಸ್ ತೆಗೆದಿದ್ದರು. ತೆಗೆದ ತುಂಡನ್ನು ಬಾಟಲಿಗೆ ಹಾಕಿ, ತುಮಕೂರಿನ ಲ್ಯಾಬಿಗೆ ಕೊಟ್ಟು ಬನ್ನಿ ಎಂದು ಮಾವ ಚಿಕ್ಕನರಸಯ್ಯನ ಕೈಗಿಟ್ಟರು. ಬಾಣಂತಿಯ ಮಾಸನ್ನೂ ಮನೆ ಹಿಂದೆಯೇ ಹೂಳುವ ಜನ. ಮಗನ ಮೈಯ ತುಂಡು ಕಂಡವರ ಪಾಲಾಗಬಾರದೆಂದು ಮುದುಕ ತುಮಕೂರಿನ ಬದಲು ತಮ್ಮೂರು ಮಿಡಿಗೇಶಿಯ ಬಸ್ಸು ಹತ್ತಿದ. ಹೊಲದ ಬದುವಿನಲ್ಲಿ ಗುಣಿ ತೋಡಿ, ಅರಿಶಿನ ಕುಂಕುಮ ಹಾಕಿ ಹೂತ. ಮಗ ಎದ್ದು ಓಡಾಡಿದ ಮೇಲೆ ಯಾರೂ ಕೇಳಲಿಲ್ಲ. ರಿಪೋರ್ಟು ಎಲ್ಲೋ ಕಳೆದುಹೋಯಿತೆಂದೇ ಮುತ್ತುರಾಜ್ ನಂಬಿದ್ದ.

ಈ ವರ್ಷ ಯುಗಾದಿಗೆ ಮುಂಚೆ ಬೆಂಗಳೂರಿನ ಡಾಕ್ಟರು ವನಜಾಕ್ಷಿಯ ಹತ್ತಿರ ಅದನ್ನೇ ಕೇಳಿದ್ದರು. ಅಪೆಂಡಿಕ್ಸಿನಲ್ಲಿ ಹುಟ್ಟಿದ ಕ್ಯಾನ್ಸರ್ ಇರಬೇಕು, ತೀರಾ ಅಪರೂಪದ್ದು, ಹೊಟ್ಟೆ ತುಂಬ ಲೋಳೆ ಕಟ್ಟಿದೆ ಅಂದರು. "ಮೊದಲ ತುಂಡಿನ ರಿಪೋರ್ಟ್ ಬೇಕು. ಪರೀಕ್ಷೆಯೇ ಆಗಿಲ್ಲದಿದ್ದರೆ ಹಾಗಂತ ಬರೆದು, ಹಳೇ ಕಾಗದಗಳ ಜೊತೆ ಪೋಸ್ಟ್ ಮಾಡಿ. ಆಪರೇಷನ್ ಆಗುತ್ತೋ ಇಲ್ಲವೋ ಆಮೇಲೆ ಹೇಳ್ತೀವಿ."

ವನಜಾಕ್ಷಿ ಮನೆಗೆ ಬಂದವಳೇ ಮಾವನಿಂದ ವಿಷಯ ತಿಳಿದು, ನಡೆದದ್ದನ್ನೆಲ್ಲ ಬರೆದಳು. ಮಾವ ಕೈ ಮುಗಿದ. "ಕಳಿಸ್ಬ್ಯಾಡ ಕಣವ್ವ. ಗೊತ್ತಾದ್ರೆ ಮಗ ನನ್ ಮಕ ನೋಡಾಕಿಲ್ಲ." ಯುಗಾದಿ ಕಳೆಯಿತು, ಮಾವಿನಕಾಯಿ ಹಣ್ಣಾಯಿತು. ಕಾಗದ ಟ್ರಂಕಿನಲ್ಲೇ ಇತ್ತು. ಒಂದು ಮನೆಯಲ್ಲಿ ಯಾರನ್ನು ಉಳಿಸಿ ಯಾರನ್ನು ಬಿಡುವುದೋ ಅವಳಿಗೆ ತೋಚಲಿಲ್ಲ.

ಆ ಮಧ್ಯಾಹ್ನ ಮುತ್ತುರಾಜ್ ನುಂಗಿದ ಎರಡು ತುತ್ತು ಮುದ್ದೆಯನ್ನೂ ಕಕ್ಕಿದ. ಬೆನ್ನು ನೀವುತ್ತಿದ್ದ ಮುದುಕನ ಕೈಗೆ ಬರೀ ಮೂಳೆ ಸಿಕ್ಕಿತು. ಮಗನನ್ನು ಮಲಗಿಸಿ ಸೊಸೆಯ ಹತ್ತಿರ ಬಂದ.

"ಆ ಕಾಗ್ದ ತಗಿಯವ್ವ."

"ಗೊತ್ತಾದ್ರೆ ಬೈತಾರೆ, ಮಾವ."

"ಬಯ್ಲಿ. ಬಯ್ಯಾಕಾದ್ರೂ ಅವ್ನಿರ್ಬೇಕಲ್ಲ." ಮತ್ತೆ ಕೇಳಿದ, "ಈಗ ಕಳಿಸಿದ್ರೆ ಆಯ್ತದಾ?"

"ನಂಗೂ ಗೊತ್ತಿಲ್ಲ."

ಬಿಸಿಲಲ್ಲೇ ಇಬ್ಬರೂ ಅಂಚೆ ಕಚೇರಿಗೆ ನಡೆದರು.

"ಏನಜ್ಜ, ಅರ್ಜೆಂಟಾ?" ಎಂದ ಕಿಟಕಿಯವನು.

ಮುದುಕ ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದ. ವನಜಾಕ್ಷಿಯೇ ಹೂಂ ಅಂದಳು. ಕಿಟಕಿಯವನು ಅದಕ್ಕೆ ಮೊಹರು ಗುದ್ದಿ ಹಿಂದಿದ್ದ ಚೀಲಕ್ಕೆ ಎಸೆದ.