ಹಗ್ಗ ಹಿಡಿಯುವವರು

ಬಂದರಿನ ಬಾಯಲ್ಲಿ, ಬಂಡೆಯ ಮೇಲೊಂದು ಕಂಬ. ಅದರ ತುದಿಯಲ್ಲಿ ಕಬ್ಬಿಣದ ಕೆಂಪು ಫಲಕ: ಹಡಗಿನವರೇ, ಇತ್ತ ಬರಬೇಡಿ. ಉಪ್ಪುಗಾಳಿಗೆ ಕಬ್ಬಿಣ ತಡೆಯುತ್ತದೆಯೇ? ಕೆಂಪು ದೂರಕ್ಕೆ ಕಾಣಬೇಕಾದರೆ ವರ್ಷ ವರ್ಷವೂ ಯಾರಾದರೂ ಹತ್ತಿ, ತುಕ್ಕು ಕೆರೆದು, ಬಣ್ಣ ಬಳಿಯಲೇಬೇಕು.

ಬಣ್ಣದವರಲ್ಲಿ ಒಂದು ಕಟ್ಟಳೆಯಿತ್ತು. ಹತ್ತಿದವನ ಸೊಂಟದ ಹಗ್ಗ ಫಲಕದ ಕೊಂಡಿಯಲ್ಲಿ ಹಾದು ಕೆಳಗಿನ ದೋಣಿಗೆ ಇಳಿಯುತ್ತದೆ. ಅದನ್ನು ಹಿಡಿಯುವವರು ಅವನ ಮನೆಯವರೇ ಆಗಿರಬೇಕು. ಬೇರೆಯವರನ್ನು ನಂಬುವುದು ಹೇಗೆ? ಎಲ್ಲರೂ ಅತ್ತಿಗೆ ಎನ್ನುವ ಆ ಹೆಂಗಸು ಹೋದ ವರ್ಷ ಗಂಡನ ಹಗ್ಗವನ್ನು ಕೈಬಿಡದೆ ಹಿಡಿದಿದ್ದಳು. ಕಿತ್ತು ಬಂದದ್ದು ತುಕ್ಕು ತಿಂದ ಫಲಕ. ಹಗ್ಗ ಅವಳ ಕೈಯಲ್ಲೇ ಉಳಿಯಿತು, ಗಂಡ ಉಳಿಯಲಿಲ್ಲ. ಆ ಫಲಕವನ್ನೇ ತಂತಿಯಲ್ಲಿ ಬಿಗಿದು ಮತ್ತೆ ನಿಲ್ಲಿಸಿದ್ದರು.

ಈ ವರ್ಷ ಮೈದುನನ ಸರದಿ. ಹಗ್ಗ ಹಿಡಿಯಲು ಮನೆಯಲ್ಲಿ ಉಳಿದವಳು ಅವಳೊಬ್ಬಳೇ.

ಬೆಳಗಿನಿಂದಲೇ ಗಾಳಿ ಕೆಟ್ಟಿತ್ತು. ಬಣ್ಣದವರೆಲ್ಲ ತಮ್ಮ ಹಗ್ಗ ಹೊತ್ತು ಬಂದರಿನ ಕಟ್ಟೆಗೆ ಬಂದಿದ್ದರು. ಅಲ್ಲಿ ಎಂಜಿನಿಯರ್ ಸಾಹೇಬರು ಹೊಸ ಫಲಕಕ್ಕೆಂದು ಮಾದರಿಯ ಎರಡು ತುಂಡು ಇಟ್ಟುಕೊಂಡು ನಿಂತಿದ್ದರು. ಒಂದು ಕಬ್ಬಿಣ, ಇನ್ನೊಂದು ಫೈಬರ್.

“ಫೈಬರ್‌ಗೆ ತುಕ್ಕೇ ಹಿಡಿಯಲ್ವಂತೆ,” ಮೈದುನ ಪಿಸುಗುಟ್ಟಿದ. “ಅದು ಬಂದ್ರೆ ಹತ್ತೋದು ತಪ್ಪುತ್ತೆ ಅತ್ತಿಗೆ. ದೋಣಿಗೆ ಬಣ್ಣ ಬಳ್ಕೊಂಡು ಹೇಗೋ ಬದುಕೋಣ.”

ಸಾಹೇಬರು ಕಬ್ಬಿಣದ ತುಂಡನ್ನು ಎತ್ತಿ ತೋರಿಸಿದರು. “ಇಪ್ಪತ್ತು ವರ್ಷದ ಖರ್ಚು ಹೋಲಿಸಿ ನೋಡಿದೀವಿ. ಕಬ್ಬಿಣವೇ ಅಗ್ಗ.”

“ವರ್ಷ ವರ್ಷ ಬಳಿಯೋದು?” ಅತ್ತಿಗೆ ಕೇಳಿದಳು.

“ಬಣ್ಣದ ಬೆಲೆ ಸೇರಿಸಿದೀವಮ್ಮ. ನಿಮ್ಮ ಕೂಲಿ ಏನು ಮಹಾ.”

“ಬಿದ್ದೋರು?”

ಸಾಹೇಬರು ಕಬ್ಬಿಣದ ತುಂಡಿನ ಕಡೆ ನೋಡಿದರು. “ಅದು ಸಾಮಾನಿನ ಖರ್ಚಿಗೆ ಬರಲ್ಲ.”

ಅತ್ತಿಗೆ ಆ ತುಂಡನ್ನೇ ದಿಟ್ಟಿಸಿದಳು. ಒಂದು ಮನೆಗೆ ಮನೆಯೇ ಮುಳುಗಿದ್ದು ಇವರಿಗೆ ಖರ್ಚೇ ಅಲ್ಲವಂತೆ. ಎಂಥ ಲೆಕ್ಕವೋ ಇವರದು.

“ಹೊಸ ಫಲಕ ಬರೋವರೆಗೆ ಹಳೇದಕ್ಕೇ ಬಳೀರಿ,” ಎಂದರು ಸಾಹೇಬರು. “ ಹೊರಡಿ, ಹಡಗು ಬರೋ ಹೊತ್ತಾಯ್ತು.”

ಮೈದುನ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ಇನ್ನೊಂದನ್ನು ಅವಳತ್ತ ಚಾಚಿದ. ಅವಳು ಆ ತುದಿಯನ್ನು ಒಯ್ದು ಸಾಹೇಬರ ಕೈಗಿಟ್ಟಳು.

“ಏನಮ್ಮಾ ಇದು?”

“ಹಿಡ್ಕೊಳ್ಳಿ. ಹಗ್ಗ ಮನೆಯವರೇ ಹಿಡೀಬೇಕು. ಕಬ್ಬಿಣ ಆರಿಸಿದೋರು ನೀವು. ಇವತ್ತಿಂದ ನೀವೇ ನಮ್ಮನೆಯವರು. ದೋಣಿ ಹತ್ತಿ.”

ಸಾಹೇಬರು ಕೆಂಡ ಮುಟ್ಟಿದವರಂತೆ ಹಗ್ಗ ಬಿಟ್ಟರು. ಮೈದುನ ಅದನ್ನು ನೋಡಿದ. ಸೊಂಟದ ಗಂಟು ಬಿಚ್ಚಿದ. ಉಳಿದ ಬಣ್ಣದವರೂ ಒಬ್ಬೊಬ್ಬರಾಗಿ ಬಂದು ತಮ್ಮ ಹಗ್ಗಗಳನ್ನು ಸಾಹೇಬರ ಕಾಲಬುಡದಲ್ಲಿ ಹಾಕಿದರು.

ದೂರದಲ್ಲಿ ಹಡಗು ಕೂಗಿತು. ಬಂಡೆಯ ಮೇಲೆ ನೀರು ಏರುತ್ತಿತ್ತು, ಫಲಕದ ಕೆಂಪು ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಯಾರೂ ದೋಣಿ ಹತ್ತಲಿಲ್ಲ.