ಅಲ್ಬಿನ್ ತುಂಬಿಟ್ಟ ಏಳು ತೋಟಾ

ಲುದ್ಮಿಲಾಳ ಅಡುಗೆಮನೆಯ ಗೂಡಿನಲ್ಲಿ, ಗಸಗಸೆ ಡಬ್ಬಿಯ ಪಕ್ಕ, ಒಂದು ರಟ್ಟಿನ ಪೆಟ್ಟಿಗೆಯಿತ್ತು. ಒಳಗೆ ಏಳು ತೋಟಾ. ಮುಚ್ಚಳದ ಮೇಲೆ ಅವಳ ಗಂಡ ಅಲ್ಬಿನ್ ಪೆನ್ಸಿಲ್ಲಿನಲ್ಲಿ ‘ಹಂದಿಗೆ’ ಎಂದು ಬರೆದು, ಕೆಳಗೆ ಗುಂಡಿನ ತೂಕ ಮತ್ತು ತಾರೀಕು ಹಾಕಿದ್ದ. ಅವನು ಸತ್ತು ಎರಡು ವರ್ಷವಾಗಿತ್ತು. ಬದುಕಿದ್ದಷ್ಟು ದಿನ ಮದ್ದು ತಾನೇ ಅಳೆದು, ಗುಂಡು ತಾನೇ ಕೂರಿಸಿ, ತೋಟಾ ತುಂಬಿಕೊಂಡವನು. ಅಂಗಡಿ ತೋಟಾ ಎಂದರೆ ಅಂಗಡಿ ಬ್ರೆಡ್ಡಿದ್ದ ಹಾಗೆ, ಹೊಟ್ಟೆ ತುಂಬುತ್ತದೆ, ಅಷ್ಟೇ ಎನ್ನುತ್ತಿದ್ದ.

ಅವನ ಉಳಿದ ಸಾಮಾನನ್ನೆಲ್ಲ ಅವಳು ಮಣ್ಣು ಮಾಡಿದ ವಾರದಲ್ಲೇ ಕೈಬಿಟ್ಟಿದ್ದಳು. ಅಂಗಿಗಳು ಚರ್ಚಿಗೆ ಹೋದವು. ಬಾಗಿಲ ಹಿಂದೆ ಒರಗಿರುತ್ತಿದ್ದ ಕೋವಿಯನ್ನು ಮೈದುನ ಎರ್ವಿನ್‌ಗೆ ಕೊಟ್ಟುಬಿಟ್ಟಳು. ಅದನ್ನು ನೋಡಿದಾಗಲೆಲ್ಲ ಅಲ್ಬಿನ್ ಹಿಂದಿನ ಬಾಗಿಲಿನಿಂದ ಈಗ ಒಳಗೆ ಬರುತ್ತಾನೆ ಅನ್ನಿಸುತ್ತಿತ್ತು, ಅವನು ಬರುತ್ತಿರಲಿಲ್ಲ. ದುಃಖದಲ್ಲಿ ಮನೆ ಖಾಲಿ ಮಾಡುವವರಿಗೆ ಯಾರಾದರೂ ಎರಡು ಬೈದು ಕೂರಿಸಬೇಕು. ಅವಳಿಗೆ ಬೈಯುವವರು ಯಾರೂ ಇರಲಿಲ್ಲ. ತೋಟಾ ಪೆಟ್ಟಿಗೆಯೊಂದು ಹೇಗೋ ಉಳಿದುಕೊಂಡಿತು. ಬೆಳಿಗ್ಗೆ ಕಾಫಿ ಸೋಸುವಾಗ ಅದರ ಮುಚ್ಚಳ ಸವರುವುದು ಅವಳಿಗೆ ಅಭ್ಯಾಸವಾಯಿತು.

ನವೆಂಬರಿನಲ್ಲಿ ತೋಪಿನ ಪೆಕಾನ್ ಮರಗಳಿಂದ ಕಾಯಿ ಉದುರತೊಡಗಿದಾಗ ಹಂದಿಗಳು ಬಂದವು. ಹಿಂಡು ಬಂದು ಹೋಯಿತು, ಒಂದು ಗಂಡು ಮಾತ್ರ ತೋಪಿನಂಚಿನ ಹೊಳೆಯ ಪೊದೆಯಲ್ಲೇ ಠಿಕಾಣಿ ಹೂಡಿತು. ಮರಗಳ ಬುಡವನ್ನೆಲ್ಲ ನೇಗಿಲು ಹಾಕಿದಂತೆ ಉತ್ತು ಹಾಕಿತು. ಅಲ್ಬಿನ್ ಕೈಯಾರೆ ಕಸಿ ಕಟ್ಟಿದ ಮರಗಳು ಅವು. ಲುದ್ಮಿಲಾ ಅಪ್ಪನ ಹಳೇ ಕೋವಿ ತೆಗೆದಳು. ಅದೂ ಅಲ್ಬಿನ್ ಕೋವಿಯ ಅಳತೆಯದೇ. ಗೂಡಿನ ಪೆಟ್ಟಿಗೆ ಮುಟ್ಟಲು ಮನಸ್ಸು ಬರದೆ ಪೇಟೆಗೆ ಹೋಗಿ ಒಂದು ಡಬ್ಬಿ ಜಿಂಕೆ ತೋಟಾ ತಂದಳು. ಹನ್ನೊಂದನೇ ವಯಸ್ಸಿನಿಂದ ಜಿಂಕೆ ಹೊಡೆದವಳು, ಹಂದಿ ಯಾವ ಮಹಾ ಎಂದುಕೊಂಡಳು.

ತಪ್ಪಿದ್ದೇ ಅಲ್ಲಿ. ಜಿಂಕೆಗೆ ಹೊಡೆದ ಕೈ ಅಭ್ಯಾಸದಿಂದ ಭುಜದ ಹಿಂದಕ್ಕೇ ಗುರಿಯಿಟ್ಟಿತು. ಹಂದಿ ಕಿರುಚಿ, ಬಗ್ಗಿ, ಓಡಿತು. ಹುಲ್ಲಿನ ಮೇಲೆ ರಕ್ತ ಸ್ವಲ್ಪವೇ ಇತ್ತು, ಅದರ ಜೊತೆ ಹೊಟ್ಟೆಯ ಹಸಿರು ಕೊಳೆ. ಗುಂಡು ಹೊಟ್ಟೆಗೆ ತಾಗಿತ್ತು. ಮಧ್ಯಾಹ್ನದವರೆಗೆ ಮುಳ್ಳುಕಂಟಿಯಲ್ಲಿ ಹುಡುಕಿದಳು, ಸಿಗಲಿಲ್ಲ. ಗಾಯ ಮಾಡಿ ಬಿಟ್ಟು ಬಂದ ಪ್ರಾಣಿ ನಮ್ಮ ಲೆಕ್ಕದಲ್ಲೇ ನರಳುತ್ತದೆ ಎನ್ನುತ್ತಿದ್ದ ಅಲ್ಬಿನ್. ಒಮ್ಮೆ ಹೀಗೆ ತಪ್ಪಿಸಿಕೊಂಡ ಜಿಂಕೆಗಾಗಿ ಎರಡು ದಿನ ಊಟ ಬಿಟ್ಟು ಅಲೆದಿದ್ದ.

ಮರುದಿನ ಸಂಜೆ ಹೊಳೆಯ ಆಚೆ ದನ ಎಣಿಸುತ್ತಿದ್ದ ನೆರೆಯವನು ಫೋನ್ ಮಾಡಿದ. ದೊಡ್ಡ ಗಂಡುಹಂದಿಯೊಂದು ಬೆನ್ನು ಗೂನು ಮಾಡಿಕೊಂಡು ನಡೆಯುತ್ತಿದೆಯಂತೆ, ನೀರಿನ ಹತ್ತಿರವೇ ಬಿದ್ದುಕೊಂಡಿರುತ್ತದಂತೆ. ಲುದ್ಮಿಲಾಳಿಗೆ ರಾತ್ರಿ ಊಟ ಸೇರಲಿಲ್ಲ. ಬೆಳಕು ಹರಿದ ಕೂಡಲೇ ಗೂಡಿನ ಪೆಟ್ಟಿಗೆ ತೆರೆದಳು. ಒಂದು ತೋಟಾವನ್ನು ಅಪ್ಪನ ಕೋವಿಗೆ ಹಾಕಿ, ಅದನ್ನು ಒಳಗೆ ಕೂರಿಸುವ ಬೋಲ್ಟು ದೂಡಿದಳು. ಅರ್ಧಕ್ಕೆ ಹೋಗಿ ನಿಂತಿತು. ಬೇರೆ ತೋಟಾ ಹಾಕಿದಳು, ಅದೂ ಅಷ್ಟೇ. ಏಳಕ್ಕೆ ಏಳೂ ಮುಖ ತಿರುಗಿಸಿದವು. ಅವಳು ಮೇಜಿನ ಮುಂದೆ ಕೂತು, ಎರಡು ವರ್ಷದಲ್ಲಿ ಮೊದಲ ಸಲ, ಸತ್ತ ಗಂಡನಿಗೆ ಬಾಯಿಬಿಟ್ಟು ಬೈದಳು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಎರ್ವಿನ್ ಮನೆಗೆ ಗಾಡಿ ಓಡಿಸಿದಳು.

ಎರ್ವಿನ್ ಮಾಂಸಕ್ಕೆ ಹೊಗೆ ಹಾಕುವ ಹೊಗೆಮನೆಯ ಮುಂದೆ ಸಾಸೇಜು ನೇತುಹಾಕುತ್ತಿದ್ದ. ಅತ್ತಿಗೆಯ ಮುಖ ನೋಡಿ ಕೈ ಒರೆಸಿಕೊಂಡ. ಎಲ್ಲ ಕೇಳಿದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ.

“ಮೂವತ್ತೆಂಟು ವರ್ಷ ಸಂಸಾರ ಮಾಡಿದ್ರಿ ಅತ್ತಿಗೆ, ಅಣ್ಣ ತೋಟಾ ತುಂಬ್ತಿದ್ದ ಕೋಣೆಗೆ ಒಂದಿನಾನೂ ಕಾಲಿಡ್ಲಿಲ್ವಲ್ಲ ನೀವು.”

“ಅಲ್ಲಿ ಕಾಲಿಡೋಕೆ ಜಾಗ ಎಲ್ಲಿ ಬಿಟ್ಟಿದ್ದ ನಿಮ್ಮಣ್ಣ? ವಿಷಯ ಹೇಳು.”

ಅವನು ಹೇಳಿದ. ತೋಟಾ ಹಾರಿದಾಗ ಅದರ ಹಿತ್ತಾಳೆ ಚಿಪ್ಪು ಹಿಗ್ಗಿ, ಆ ಕೋವಿಯ ನಳಿಗೆಯ ಬುಡಕ್ಕೆ ಎರಕ ಹೊಯ್ದ ಹಾಗೆ ಕೂತುಬಿಡುತ್ತದೆ. ಅಲ್ಬಿನ್ ಅದೇ ಚಿಪ್ಪುಗಳನ್ನು ಆಯ್ದು, ಗುಂಡು ಕೂರುವ ಕತ್ತು ಮಾತ್ರ ಬಿಗಿ ಮಾಡಿ, ಮೈಯನ್ನು ಹಾಗೇ ಬಿಟ್ಟು ಮತ್ತೆ ಮತ್ತೆ ತುಂಬುತ್ತಿದ್ದ. ಗುರಿ ಕೂದಲೆಳೆಯಷ್ಟೂ ಆಚೀಚೆಯಾಗಬಾರದೆಂಬ ಹಟ. ಅಂಥ ತೋಟಾ ಹುಟ್ಟಿದ ಕೋವಿಗೆ ಬಿಟ್ಟರೆ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಎರ್ವಿನ್ ಒಳಗಿನಿಂದ ಅಣ್ಣನ ಕೋವಿ ತಂದು ಅವಳ ತೊಡೆಯ ಮೇಲಿಟ್ಟ. ಎರಡು ವರ್ಷದಲ್ಲಿ ಒಂದು ಸಲವೂ ಹಾರಿಸಿಲ್ಲವೆಂದ. ಎಣ್ಣೆ ಹಾಕಿ ಒರೆಸಿಡುವುದಷ್ಟೇ ತನ್ನಿಂದಾದದ್ದು. ಲುದ್ಮಿಲಾ ಒಂದು ತೋಟಾ ಹಾಕಿ ಬೋಲ್ಟು ದೂಡಿದಳು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಮುಚ್ಚಿಕೊಂಡಿತು. ಅವಳು ಮುಖ ಬೇರೆ ಕಡೆ ತಿರುಗಿಸಿದಳು. ಎರ್ವಿನ್ ಸಾಸೇಜು ಎಣಿಸುವವನಂತೆ ನಟಿಸಿದ.

ಆಮೇಲೆ ಅವನೇ ಮಾತು ತೆಗೆದ. ಅಣ್ಣ ಕೈಯಾರೆ ತುಂಬಿದ್ದನ್ನು ಖರ್ಚು ಮಾಡಲು ಇಷ್ಟವಿಲ್ಲದಿದ್ದರೆ ತನ್ನ ಹತ್ತಿರ ಅಂಗಡಿಯ ಭಾರದ ಗುಂಡಿದೆ, ಹಂದಿಯ ಭುಜದ ಮೇಲಿನ ಗುರಾಣಿಯಂಥ ದಪ್ಪ ಚರ್ಮವನ್ನೂ ಒಡೆದುಕೊಂಡು ಹೋಗುತ್ತದೆ. ಜಿಂಕೆ ಗುಂಡು ಅಲ್ಲಿ ಬಡಿದರೆ ಮೇಲ್ಮೈಯಲ್ಲೇ ಚೂರಾಗಿಬಿಡುತ್ತದೆ. ಅವಳ ಅಪ್ಪನ ಕೋವಿಯ ಸವೆದ ನಳಿಗೆಯಲ್ಲಿ ಭಾರದ ಗುಂಡು ನೇರ ಹೋಗುವುದಿಲ್ಲ, ಅಣ್ಣನದರಲ್ಲೇ ಹಾರಿಸಬೇಕು. ಅಲ್ಲೇ ಒಂದು ತೊಡಕಿತ್ತು.

“ಅಣ್ಣ ಕೋವಿ ಮೇಲಿನ ದುರ್ಬೀನಿನ ಗುರಿ ಕಟ್ಟಿರೋದು ತನ್ನ ತೋಟಾಕ್ಕೆ. ಅಂಗಡೀದು ಹಾಕಿದ್ರೆ ನಾಲ್ಕು ಬೆರಳು ಆಚೆ ಬೀಳುತ್ತೆ. ತಿರುಪು ತಿರುಗಿಸಿ ಸರಿ ಮಾಡಿಕೊಡ್ತೀನಿ ಬೇಕಾದ್ರೆ.”

“ತಿರುಗಿಸಿದ್ರೆ ಅವನು ಇಟ್ಟ ಗುರಿ?”

“ಹೋಗುತ್ತೆ ಅತ್ತಿಗೆ.”

ತೋಟಾ ಉಳಿಸಿಕೊಂಡರೆ ಅವನ ಕಣ್ಣಿನ ಗುರಿ ಹೋಗುತ್ತಿತ್ತು, ಗುರಿ ಉಳಿಸಿಕೊಂಡರೆ ಕೈಯ ತೋಟಾ. ಎರಡೂ ಬೇಕೆನ್ನುವಂತಿರಲಿಲ್ಲ, ಅತ್ತ ಹೊಳೆದಂಡೆಯಲ್ಲಿ ಪ್ರಾಣಿ ನರಳುತ್ತಿತ್ತು. ಲುದ್ಮಿಲಾ ಪೆಟ್ಟಿಗೆಯ ಮುಚ್ಚಳ ಸವರಿದಳು.

“ತಿರುಪು ಮುಟ್ಟಬೇಡ,” ಎಂದಳು.

ತಾನೇ ಬಂದು ಹೊಡೆಯುತ್ತೇನೆ ಎಂದ ಎರ್ವಿನ್. ಬೇಡವೆಂದಳು, ಗಾಯ ಮಾಡಿದವಳು ತಾನು. ಆಗ ಅವನು ಹೊಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಹಂದಿ ಬರೆದ. ಅದು ಹಂದಿಗಿಂತ ಸೋಫಾಕ್ಕೆ ಹತ್ತಿರವಾಗಿತ್ತು. “ಜಿಂಕೆ ಮರೆತುಬಿಡಿ. ಇದರ ಹೃದಯ ಮುಂದೆ ಇರುತ್ತೆ, ಕೆಳಗೂ ಇರುತ್ತೆ. ಅಡ್ಡ ನಿಂತಾಗ ಮುಂಗಾಲಿನ ಗೆರೆ ಹಿಡ್ಕೊಂಡು ಮೇಲಕ್ಕೆ ಬನ್ನಿ, ಮೈಯ ಮೂರನೇ ಒಂದು ಭಾಗಕ್ಕೆ ನಿಲ್ಲಿಸಿ. ಹಿಂದಕ್ಕೆ ಒಂದು ಬೆರಳೂ ಬೇಡ.”

ಅಲ್ಬಿನ್ ಕೂಡ ಇದನ್ನೇ ಎಷ್ಟೋ ಸಲ ಊಟದ ಮೇಜಿನಲ್ಲಿ ಹೇಳಿದ್ದ. ಚಮಚದಿಂದ ತಟ್ಟೆಯಲ್ಲಿ ಹಂದಿ ಬರೆದು ತೋರಿಸುತ್ತಿದ್ದ, ಅವಳು ಸಾರು ಆರುತ್ತದೆ ಎಂದು ಗದರುತ್ತಿದ್ದಳು. ಸಾರು ಆರಿದರೆ ಆರಲಿ, ಇನ್ನೊಂದು ಸಲ ಬರೆಯಲಿ ಎಂದು ಈಗ ಆಸೆಯಾಯಿತು.

ಸಂಜೆ ಐದಕ್ಕೆ ಅವಳು ಹೊಳೆಯ ಈಚೆ ದಂಡೆಯಲ್ಲಿ, ಗಾಳಿ ಎದುರಿಗೆ ಬರುವ ಹಾಗೆ, ಬಿದ್ದ ಮರಕ್ಕೆ ಕೋವಿ ಒರಗಿಸಿ ಕೂತಿದ್ದಳು. ಕೋವಿಯ ಹಿಂಬದಿಯ ಮರದಲ್ಲಿ ಅವನ ಕೆನ್ನೆ ಒತ್ತಿ ಒತ್ತಿ ಬಣ್ಣ ಹೋಗಿದ್ದ ಜಾಗವಿತ್ತು. ಅವಳು ಕೆನ್ನೆ ಇಟ್ಟದ್ದೂ ಅಲ್ಲೇ. ಬೇಗ ಬರಬೇಡ, ಸ್ವಲ್ಪ ಹೊತ್ತು ಹೀಗೇ ಇರಲಿ ಎಂದು ಹಂದಿಯನ್ನೇ ಬೇಡಿಕೊಂಡಳು, ಮರುಗಳಿಗೆ ಅದರ ನರಳಾಟ ನೆನಪಾಗಿ ನಾಚಿಕೊಂಡಳು.

ಹಂದಿ ಬಂತು. ಬೆನ್ನು ಬಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ನೀರಿಗೆ ಮೂತಿ ಹಾಕಲು ಅಡ್ಡ ತಿರುಗಿತು. ಕೈ ಹಳೇ ಚಾಳಿಯಂತೆ ಭುಜದ ಹಿಂದಕ್ಕೆ ಜಾರಿತು. ಅವಳು ತಡೆದು ಮುಂದಕ್ಕೆ ತಂದಳು, ಮುಂಗಾಲಿನ ಗೆರೆ ಹಿಡಿದು ಮೇಲೆ ಬಂದಳು, ಮೂರನೇ ಒಂದು ಭಾಗಕ್ಕೆ ನಿಲ್ಲಿಸಿದಳು. ಉಸಿರು ಅರ್ಧ ಬಿಟ್ಟು ಟ್ರಿಗರ್ ಒತ್ತಿದಳು. ಹಂದಿ ನಿಂತಲ್ಲೇ ಕುಸಿಯಿತು. ಕಾಲು ಒಂದು ಸಲ ಆಡಿ ಸುಮ್ಮನಾಯಿತು. ಅದರ ನೋವು ಮುಗಿಯಿತು ಎಂದು ಅವಳು ಶಿಲುಬೆಯ ಗುರುತು ಮಾಡಿಕೊಂಡಳು.

ಬೋಲ್ಟು ಎಳೆದಾಗ ಖಾಲಿ ಚಿಪ್ಪು ಎಲೆಗಳ ಮೇಲೆ ಬಿತ್ತು. ಎತ್ತಿಕೊಂಡಳು. ಬಿಸಿಯಾಗಿತ್ತು. ಮೂಗಿನ ಹತ್ತಿರ ತಂದಳು, ಸುಟ್ಟ ಮದ್ದಿನ ವಾಸನೆ. ಚರ್ಚಿಗೆ ಕೊಟ್ಟ ಆ ಅಂಗಿಗಳ ತೋಳಿನಲ್ಲಿ ಇದ್ದದ್ದು ಇದೇ ವಾಸನೆ. ಎಷ್ಟು ಒಗೆದರೂ ಹೋಗುವುದಿಲ್ಲವೆಂದು ಅವಳು ಗೊಣಗಿದ್ದ ವಾಸನೆ. ಅವನು ಹೋದ ಮೇಲೆ ಅವನ ಕಡೆಯಿಂದ ಬಿಸಿಯಾಗಿ ಅವಳ ಕೈ ಸೇರಿದ್ದು ಇದೊಂದೇ. ಅವಳು ಮುಷ್ಟಿ ಮುಚ್ಚಿ ಅತ್ತಳು.

ತೋಪಿನಲ್ಲಿ ಕಾಯುತ್ತಿದ್ದ ಎರ್ವಿನ್ ಸದ್ದು ಕೇಳಿ ಟ್ರ್ಯಾಕ್ಟರ್ ತಂದ. ಹಂದಿಯ ಗಾಯ ನೋಡಿ ತಲೆದೂಗಿದ, ಅಣ್ಣನಿದ್ದಿದ್ದರೂ ಇಲ್ಲಿಗೇ ಹೊಡೆಯುತ್ತಿದ್ದ ಎಂದ. ಆಮೇಲೆ ಕೈ ಚಾಚಿದ.

“ಚಿಪ್ಪು ಕೊಡಿ ಅತ್ತಿಗೆ. ಅಣ್ಣನ ಲೆಕ್ಕದಲ್ಲೇ ತುಂಬಿಸಿಕೊಡ್ತೀನಿ. ಇನ್ನೂ ನಾಲ್ಕೈದು ಸಲ ಬರುತ್ತೆ ಅದು.”

“ಕೊಡ್ತೀನಿ,” ಎಂದಳು ಲುದ್ಮಿಲಾ, ಮುಷ್ಟಿ ಬಿಚ್ಚದೆ. “ಆರಲಿ ತಡಿ.”