ಲಮ್‌ದುವಾನ್ ಮರೆತ ಹೆಸರು

ಬೆಳಿಗ್ಗೆ ಆರು ಗಂಟೆಗೆ ನೀರಿನ ಟ್ಯಾಂಕಿನ ಮೇಲಿನ ಸ್ಪೀಕರುಗಳಿಂದ ಊರ ಮುಖ್ಯಸ್ಥರ ದನಿ ಕೇಳಬೇಕು. ಇಪ್ಪತ್ತೆರಡು ವರ್ಷ ಆ ದನಿ ಬುನ್‌ತಾ ಅಜ್ಜನದಾಗಿತ್ತು. ಅಜ್ಜ ನಿವೃತ್ತನಾದ ಮೇಲೆ ಹನ್ನೊಂದು ಮತ ಹೆಚ್ಚು ಪಡೆದು ಆ ಜಾಗಕ್ಕೆ ಬಂದವಳು ಲಮ್‌ದುವಾನ್. ಶಾಲೆಯ ಗೇಟಿನ ಎದುರು ಹಸಿ ಪರಂಗಿಕಾಯಿ ಕುಟ್ಟಿ ಕೋಸಂಬರಿ ಮಾಡಿ ಮಾರುತ್ತಿದ್ದವಳು. ಒರಳ ಮುಂದೆ ಕೂತರೆ ಹತ್ತು ಗಿರಾಕಿಗಳ ಬಾಯಿಗೆ ಒಬ್ಬಳೇ ಉತ್ತರ ಕೊಡುತ್ತಿದ್ದಳು. ಆದರೆ ಮೈಕಿನ ಕೆಂಪು ದೀಪ ಹತ್ತಿದ್ದೇ ತಡ, ಅವಳ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿಬಿಡುತ್ತಿತ್ತು.

ಮೊದಲನೇ ವಾರವೇ ಎಡವಟ್ಟಾಯಿತು.

"ಇವತ್ತು ಮೂರು ವಿಷಯ ಇದೆ. ಒಂದು, ನಾಯಿಗಳಿಗೆ ಚುಚ್ಚುಮದ್ದು ಹಾಕೋಕೆ ಬರ್ತಾರೆ. ಎರಡು, ಬಿತ್ತನೆ ಭತ್ತಕ್ಕೆ ಹೆಸರು ಬರೆಸಬೇಕು. ಮೂರು..."

ಮೂರನೆಯದು ಬರಲಿಲ್ಲ. ಕೋಳಿಯೊಂದು ಕೂಗಿತು. ಮೈಕು ಆರಿಸುವುದನ್ನೂ ಮರೆತ ಲಮ್‌ದುವಾನ್ ಪಕ್ಕದಲ್ಲಿದ್ದ ಗಂಡ ಪ್ರಯೂನನ ಕಡೆ ತಿರುಗಿದಳು.

"ರೀ, ಮೂರನೇದು ಏನ್ರೀ?"

"ನನಗೇನೇ ಗೊತ್ತು? ರಾತ್ರಿ ಮೀನು ಮೀನು ಅಂತಿದ್ದೆ."

"ಅದು ಸಾರು ಮಾಡೋಕೆ ಕಣ್ರೀ!"

ಈ ಮಾತು ನೂರಾ ನಲವತ್ತು ಮನೆಗೂ ಕೇಳಿಸಿತು. ಮೂರನೆಯದು ನೀರಿನ ವಿಷಯ. ಪಂಪಿನ ರಿಪೇರಿಗೆಂದು ಒಂಬತ್ತಕ್ಕೆ ನಲ್ಲಿ ನಿಂತಾಗ ಅರ್ಧ ಊರು ತಲೆಗೆ ಸೋಪು ಹಚ್ಚಿಕೊಂಡು ನಿಂತಿತ್ತು.

ಮರುದಿನದಿಂದ ಬರೆದುಕೊಂಡು ಓದಿದಳು. ಅದೂ ಜನಕ್ಕೆ ಹಿಡಿಸಲಿಲ್ಲ. "ಅಕ್ಕಾ, ನಿನ್ನೆ ಮೈಕಲ್ಲಿ ಯಾರೋ ಕೋರ್ಟಿನ ಗುಮಾಸ್ತ ಓದ್ತಿದ್ದನಲ್ಲ, ಯಾರವನು?" ಎಂದು ಅಕ್ಕಿ ಗಿರಣಿಯವನು ಚುಚ್ಚಿದ. ಅವಮಾನ ತಾಳಲಾರದೆ ಲಮ್‌ದುವಾನ್ ಸೀದಾ ಬುನ್‌ತಾ ಅಜ್ಜನ ಮನೆಗೆ ಹೋದಳು.

"ಅಜ್ಜಾ, ಈ ಕೆಲಸ ನನ್ನ ಕೈಲಾಗಲ್ಲ. ನಿಮ್ಮ ಹಾಗೆ ತಡವರಿಸದೆ ಮಾತಾಡೋಕೆ ನನಗೆ ಬರಲ್ಲ."

ಅಜ್ಜ ಬಲೆಯ ಹರಿದ ಕಣ್ಣು ಹೆಣೆಯುತ್ತಲೇ ನಕ್ಕ. "ಯಾರು ಹೇಳಿದ್ರು ಮಗಳೇ? ನಾನೂ ಮರೀತಿದ್ದೆ. ಮರೆತಾಗ ಒಂದು ಹಾಡು ಹಾಕಿಬಿಡ್ತಿದ್ದೆ. ಅದು ಮುಗಿಯೋದ್ರೊಳಗೆ ನೆನಪಾಗ್ತಿತ್ತು."

"ದಿನಾ ಎರಡೆರಡು ಹಾಡು ಹಾಕ್ತಿದ್ರಲ್ಲ?"

"ದಿನಾ ಎರಡು ಸಲ ಮರೀತಿದ್ದೆ."

ಅಜ್ಜನಿಗೆ ಸಂಗೀತದ ಹುಚ್ಚು ಎಂದೇ ಊರೆಲ್ಲ ನಂಬಿತ್ತು! ಲಮ್‌ದುವಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಆದರೆ ಹಾಡಿನ ಉಪಾಯ ಅವಳಿಗೆ ಒಗ್ಗಲಿಲ್ಲ. ಹಾಡು ಶುರುವಾದರೆ ತಾನೂ ದನಿಗೂಡಿಸುತ್ತಿದ್ದಳು. ಮುಗಿಯುವ ಹೊತ್ತಿಗೆ ನೆನಪಿದ್ದದ್ದೂ ಹಾರಿಹೋಗುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಸಾಕಾಗಿ, "ನೋಡ್ರಪ್ಪಾ, ಮುಂದಿಂದು ಮರೆತೋಯ್ತು. ಗೊತ್ತಿದ್ದೋರು ಕೂಗಿ ಹೇಳಿ" ಎಂದುಬಿಟ್ಟಳು. ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆ ಕಾಯುವವಳು "ಮಕ್ಕಳ ಹಲ್ಲು ತಪಾಸಣೆ!" ಎಂದು ಅರಚಿದಳು. ಅಷ್ಟೇ. ಆಕಾಶವೇನೂ ಬೀಳಲಿಲ್ಲ.

ಮಳೆಗಾಲ ಮುಗಿದು, ಭಿಕ್ಷುಗಳಿಗೆ ಕಾಷಾಯ ವಸ್ತ್ರ ಅರ್ಪಿಸುವ ಕಥಿನ ಹಬ್ಬ ಬಂತು. ಆ ವರ್ಷದ ಮುಖ್ಯ ದಾನಿ ಬ್ಯಾಂಕಾಕಿನ ಒಬ್ಬ ಶ್ರೀಮಂತ ವೃದ್ಧೆ. ಪತ್ರದಲ್ಲಿ ಅವರ ಹೆಸರು ಕನೋಕ್‌ವಾನ್ ವಿಸುತ್ತಿಥಮ್ಮರಂಗ್ಸಿ ಎಂದಿತ್ತು. ಆ ಉದ್ದದ ಹೆಸರನ್ನು ಲಮ್‌ದುವಾನ್ ಮೂರು ದಿನ ಒನಕೆಯ ಪೆಟ್ಟಿಗೊಂದು ಅಕ್ಷರದಂತೆ ಬಾಯಿಪಾಠ ಮಾಡಿದಳು. ಚೀಟಿಯನ್ನೂ ಬರೆದು ಗಂಡನ ಜೇಬಿನಲ್ಲಿಟ್ಟಳು.

ವಿಹಾರದ ಅಂಗಳ ತುಂಬಿತ್ತು. ಭಿಕ್ಷುಗಳು ಸಾಲಾಗಿ ಕೂತಿದ್ದರು. ಲಮ್‌ದುವಾನ್ ಎದ್ದು ಕೈಮುಗಿದು ಚೆನ್ನಾಗಿಯೇ ಶುರುಮಾಡಿದಳು. "ಇಷ್ಟು ದೂರದಿಂದ ನಮ್ಮೂರಿಗೆ ಬಂದಿರೋ ಪುಣ್ಯವಂತೆ, ಶ್ರೀಮತಿ..."

ಅಲ್ಲಿಗೆ ನಿಂತಿತು. ತಲೆಯೊಳಗೆ ಒಂದಕ್ಷರವೂ ಇಲ್ಲ. ಗಂಡನನ್ನು ಹುಡುಕಿದಳು, ಅವನು ದಾನಿಯ ಕಡೆಯವರು ಬಂದ ಬಸ್ಸು ಹಿಂದೆ ತೆಗೆಸಲು ರಸ್ತೆಗೆ ಹೋಗಿದ್ದ. ಊರವರಾದರೆ ಕೂಗಿ ಹೇಳಿಯಾರು, ಆದರೆ ಈ ಹೆಸರು ಅವರಲ್ಲಿ ಯಾರಿಗೆ ಗೊತ್ತು? ಗೊತ್ತಿದ್ದವರನ್ನೇ ಕೇಳಿದರಾಯಿತು ಎಂದುಕೊಂಡು ಮೈಕು ಹಿಡಿದು ವೃದ್ಧೆಯ ಮುಂದೆ ಹೋಗಿ ಮೊಣಕಾಲೂರಿದಳು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಮೂರು ದಿನದಿಂದ ನಿಮ್ಮ ಹೆಸರು ಉರು ಹೊಡೆದಿದೀನಿ, ಈಗ ಪೂರ್ತಿ ಮರೆತುಹೋಯ್ತು. ನೀವೇ ಹೇಳ್ತೀರಾ?"

ವೃದ್ಧೆಯ ಜೊತೆ ಬಂದಿದ್ದ ಪಟ್ಟಣದ ನೆಂಟರು ಮುಖ ಬಿಗಿದುಕೊಂಡರು. ವೃದ್ಧೆ ಮೈಕು ತೆಗೆದುಕೊಂಡರು.

"ಆ ಉದ್ದದ ಹೆಸರು ನನ್ನ ಗಂಡನ ಮನೇದು. ನನಗೇ ಸರಿಯಾಗಿ ಬರೆಯೋಕೆ ಬರಲ್ಲ. ಹದಿನೈದು ವರ್ಷ ಆಗೋವರೆಗೂ ಈ ಊರಲ್ಲೇ ಇದ್ದೆ. ಇಲ್ಲಿ ನನ್ನನ್ನ ಎಲ್ಲರೂ ಮರಿಕಪ್ಪೆ ಅಂತಿದ್ರು."

ಹಿಂದಿನ ಸಾಲಿನಲ್ಲಿ ಬುನ್‌ತಾ ಅಜ್ಜ ತಡಬಡಿಸಿ ಎದ್ದ.

"ಮರಿಕಪ್ಪೆನಾ? ಕೆರೆ ದಡದ ಮನೆ ಮರಿಕಪ್ಪೆನಾ? ನನ್ನ ಗಾಳ ಕದ್ದೋಳು ನೀನೇ ಅಲ್ವೇನೇ!"

"ನಾನು ಕದೀಲಿಲ್ಲ ಕಣೋ! ನೀನೇ ನೀರಿಗೆ ಬೀಳಿಸಿದ್ದು!" ವೃದ್ಧೆ ಮೈಕಿನಲ್ಲೇ ಹೇಳಿದರು.

ಇಡೀ ಅಂಗಳ ನಕ್ಕಿತು. ಹಿರಿಯ ಭಿಕ್ಷುವೂ ಬೀಸಣಿಗೆಯ ಹಿಂದೆ ಮುಖ ಮುಚ್ಚಿಕೊಂಡರು. ಹಲ್ಲಿಲ್ಲದ ಅಜ್ಜಿಯರು ನಾಲ್ಕೈದು ಜನ ಕೂತಲ್ಲಿಂದಲೇ ತೆವಳಿಕೊಂಡು ಬಂದು ವೃದ್ಧೆಯ ಕೈ ಹಿಡಿದರು. ಯಾರ ತಾಯಿ ಯಾವಾಗ ತೀರಿಕೊಂಡಳು, ಯಾರ ಮನೆ ಎಲ್ಲಿತ್ತು ಎಂದು ಶುರುವಾದ ಮಾತು ನಿಲ್ಲಲಿಲ್ಲ. ಲಮ್‌ದುವಾನಳ ಉಳಿದ ಭಾಷಣವನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲು ಹೋಗಲಿಲ್ಲ.

ವಸ್ತ್ರದಾನ ಮುಗಿದು ಊಟವಾದ ಮೇಲೆ ವೃದ್ಧೆ ಕೆರೆ ನೋಡಬೇಕೆಂದು ಹಟ ಹಿಡಿದು, ಅಜ್ಜಿಯರ ಹಿಂಡು ಕಟ್ಟಿಕೊಂಡು ಹೊರಟರು. ಬಸ್ಸಿನ ಚಾಲಕ ಗಂಟೆ ನೋಡಿಕೊಂಡು ಗೊಣಗಿದ. ಬಸ್ಸಿನ ಗಲಾಟೆಯಲ್ಲೇ ಸಿಕ್ಕಿಬಿದ್ದಿದ್ದ ಪ್ರಯೂನ್ ಆಗಷ್ಟೇ ಓಡೋಡಿ ಬಂದು ಚೀಟಿ ಚಾಚಿದ.

"ತಗೊಳ್ಳೇ, ಹೆಸರು ಇಲ್ಲಿದೆ."

"ಇಟ್ಕೊಳ್ಳಿ ಪರವಾಗಿಲ್ಲ," ಎಂದಳು ಲಮ್‌ದುವಾನ್. ವಿಹಾರದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಅಂಟಕ್ಕಿ ಅನ್ನವನ್ನು ಉಂಡೆ ಕಟ್ಟಿ ಸುಟ್ಟ ಮೀನಿನ ಜೊತೆ ನಿಧಾನಕ್ಕೆ ತಿನ್ನತೊಡಗಿದಳು.